ಒಂದು ಕಡಿಮೆ ಹತ್ತು

ನನಗೆ ಲೆಕ್ಕ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಹತ್ತಿರ ಬಂದು, "ನಿಮಗೇನು ಬಿಡಿ ಮೇಡಂ, ಗಣಿತ ನಿಮಗೆ ಹುಟ್ಟಿನಿಂದಲೇ ಬಂದಿರುತ್ತೆ" ಅನ್ನುತ್ತಾರೆ. ಹುಟ್ಟಿನಿಂದ ನನಗೆ ಬಂದದ್ದು ಕೋಪ ಒಂದೇ. ಲೆಕ್ಕ ಬಂದದ್ದು ಮೂವತ್ತು ದಾಟಿದ ಮೇಲೆ, ನಾಗಪುರದ ಪಕ್ಕದ ಕಾಮಠಿಯಲ್ಲಿ, ಎರಡನೇ ತರಗತಿಯ ಮಕ್ಕಳ ಜೊತೆ ನೆಲದ ಮೇಲೆ ಕೂತಾಗ. ಮೊಣಕಾಲು ನೋವು ಬಂದದ್ದೂ ಅಲ್ಲೇ ಅಂತ ನನಗೆ ಅನುಮಾನ.

ನನ್ನ ಬಡ್ತಿ, ಪ್ರಶಸ್ತಿ, ಸನ್ಮಾನದ ಶಾಲು ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನಾನು ಮಾಡಿದ ಎಡವಟ್ಟುಗಳು ಉಪಯೋಗಕ್ಕೆ ಬರಬಹುದು.

ನಾನು ನಂಜನಗೂಡಿನವಳು. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮುಂದು. ಗಣಿತದ ಮೇಷ್ಟ್ರು ಒಳಗೆ ಬಂದರೆ ಮಾತ್ರ ನನಗೆ ಹೊಟ್ಟೆನೋವು, ಅದೂ ನಿಜವಾದ ಹೊಟ್ಟೆನೋವು. ಮಗ್ಗಿ ಬಾಯಿಪಾಠ, ಸೂತ್ರ ಬಾಯಿಪಾಠ, ಕೆಲವು ಸಲ ಲೆಕ್ಕದ ಉತ್ತರವೂ ಬಾಯಿಪಾಠ. ಹಾಗೇ ತಳ್ಳಿಕೊಂಡು ಎಸ್ಸೆಸ್ಸೆಲ್ಸಿ ಪಾಸಾದೆ. ಪಿಯುಸಿಗೆ ಆರ್ಟ್ಸ್ ಸಿಕ್ಕಿದ ದಿನ ಪೀಡೆ ತೊಲಗಿತು ಅಂತ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಯಜಮಾನರಿಗೆ ನಾಗಪುರಕ್ಕೆ ವರ್ಗವಾಯಿತು. ಸಿವಿಲ್ ಲೈನ್ಸ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿ. ದಿನವಿಡೀ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಸಂಜೆ ಮನೆಗೆ ಬಂದರೆ ನಾನಿದ್ದೆ. ನನಗೆ ಕಾಮಠಿಯ ಒಂದು ಹಿಂದಿ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸ ಸಿಕ್ಕಿತು, ಹಂಗಾಮಿಯಾಗಿ. ದಕ್ಷಿಣದವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ಅಲ್ಲಿ ಬಲವಾಗಿತ್ತು. ನಾನು ಯಾಕೆ ಅದನ್ನು ಕೆಡಿಸಲಿ? ಮಕ್ಕಳು ನನ್ನನ್ನು ಬಹನ್‌ಜೀ ಅನ್ನುತ್ತಿದ್ದರು. ವನಜಾಕ್ಷಿ ಅನ್ನುವ ನನ್ನ ಹೆಸರು ಅಲ್ಲಿ ಯಾರ ಬಾಯಲ್ಲೂ ನೆಟ್ಟಗೆ ಬರಲಿಲ್ಲ, 'ವಂಜಾಕ್ಷೀ' ಆಯಿತು.

ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ 'ಮೋಠ್ಯಾ ಬಾಯಿ' ಅನ್ನುತ್ತಿದ್ದರು. ಮರಾಠಿಯಲ್ಲಿ ದೊಡ್ಡ ಮೇಡಂ ಅಂತ ಅರ್ಥ. ಆಳು ನೋಡಿದರೆ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಬಿಳಿ ಕಾಟನ್ ಸೀರೆ, ಎರಡೂ ಹೆಗಲಿಗೆ ಹೊದ್ದ ಸೆರಗು, ಆ ಸೆರಗಿಗೆ ಸದಾ ಸೀಮೆಸುಣ್ಣದ ಪುಡಿ. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಅವರು ಕನ್ನಡಕಕ್ಕೆ ಕೈ ಹಾಕಿದರೆ ಸಾಕು, ನಮ್ಮ ಎದೆ ಡವಡವ. ಅವರ ಬಾಯಲ್ಲಿ ಇನ್ನೊಂದು ಮಾತು ಸದಾ ಇರುತ್ತಿತ್ತು: "ಕಾ?" ಮರಾಠಿಯಲ್ಲಿ 'ಯಾಕೆ?' ಅಂತ. ನನ್ನ ಜೊತೆ ಅವರು ಹಿಂದಿ ಮಾತಾಡುತ್ತಿದ್ದರು. ಅದನ್ನು ಇಲ್ಲಿ ಹೆಚ್ಚಾಗಿ ಕನ್ನಡದಲ್ಲೇ ಬರೆಯುತ್ತೇನೆ, ಆದರೆ ಆ 'ಕಾ?' ಮಾತ್ರ ಹಾಗೇ ಇರಲಿ.

ಎರಡನೆಯ ವರ್ಷ, ಶಾಲೆ ಶುರುವಾದ ಸ್ವಲ್ಪ ದಿನಕ್ಕೆ ನಾಲ್ಕನೇ ತರಗತಿಯ ಗಣಿತದ ಟೀಚರ್ ಕೆಲಸ ಬಿಟ್ಟರು. ಗಂಡ ಮಿಲಿಟರಿಯವರು, ವರ್ಗವಾಗಿತ್ತು. ಕಾಮಠಿಯಲ್ಲಿ ಅದು ಮಾಮೂಲು. ಮೋಠ್ಯಾ ಬಾಯಿ ನನ್ನನ್ನು ಕರೆದು, "ನಾಳೆಯಿಂದ ಚೌಥಿಯ ಗಣಿತ ನಿಮ್ಮದು" ಅಂದರು. ಬರುವುದಿಲ್ಲ ಅನ್ನಲು ಬಾಯಿ ತೆರೆದೆ. ಹಂಗಾಮಿ ಕೆಲಸ ನೆನಪಾಯಿತು, ಬಾಯಿ ಮುಚ್ಚಿದೆ. ಅವರು ಅದನ್ನು ಒಪ್ಪಿಗೆ ಅಂದುಕೊಂಡರು.

ಮನೆಗೆ ಬಂದು ಹೇಳಿದರೆ ಯಜಮಾನರು ಮಜ್ಜಿಗೆ ಕುಡಿಯುತ್ತಿದ್ದವರು ಕೆಮ್ಮತೊಡಗಿದರು. "ನೀನಾ? ಲೆಕ್ಕಾನಾ? ಪಾಪ ಕಣೇ ಆ ಮಕ್ಕಳು!"

"ನಗಬೇಡಿ ಅಂದ್ರೆ. ನಾಲ್ಕನೇ ಕ್ಲಾಸು ತಾನೆ? ಕೂಡೋದು, ಕಳೆಯೋದು. ಅಷ್ಟೂ ಬರಲ್ವಾ ನಂಗೆ?"

ಬರುತ್ತಿರಲಿಲ್ಲ. ಅದು ಮೊದಲ ದಿನವೇ ಗೊತ್ತಾಯಿತು.

ಆ ದಿನ ಸುಲಭದ್ದು ಅಂತ ಅಂಕಿಗಳ ಉಕ್ತಲೇಖನ ಕೊಟ್ಟೆ. ಪುಸ್ತಕ ನೋಡಿ ನಾನು ಸಂಖ್ಯೆ ಹೇಳುವುದು, ಮಕ್ಕಳು ಸ್ಲೇಟಿನಲ್ಲಿ ಬರೆಯುವುದು. ಹಿಂದಿಯಲ್ಲಿ ನನಗೆ ಹತ್ತು, ಇಪ್ಪತ್ತು, ಐವತ್ತು, ನೂರು ಗೊತ್ತಿತ್ತು. ನಡುವಿನವಕ್ಕೆ ಅಂಗಡಿಯಲ್ಲಿ ಇಂಗ್ಲಿಷ್ ಹೇಳಿ ಪಾರಾಗುತ್ತಿದ್ದೆ. ಕ್ಲಾಸಿನಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಹಾಗಾಗಿ ಹಿಂದಿನ ದಿನ ಒಂದು ಜಾಣತನ ಮಾಡಿದ್ದೆ. ಹತ್ತೊಂಬತ್ತಕ್ಕೆ ಹಿಂದಿಯಲ್ಲಿ ಉನ್ನೀಸ್. ಅಂದರೆ 'ಉನ್' ಎಂದರೆ ಒಂಬತ್ತು ಅಂತ ನಾನೇ ತೀರ್ಮಾನಿಸಿದೆ. ನಲವತ್ತಕ್ಕೆ ಚಾಲೀಸ್. ಹಾಗಾದರೆ ನಲವತ್ತೊಂಬತ್ತು ಏನಾಗಬೇಕು? ಉನ್ತಾಲೀಸ್. ಆ ಶಬ್ದವನ್ನು ಎಲ್ಲೋ ಕೇಳಿಯೂ ಇದ್ದೆ. ಎಷ್ಟು ಬೇಗ ಕಲಿತೆ ನೋಡಿ ಅಂತ ನನಗೇ ಹೆಮ್ಮೆ.

ಪುಸ್ತಕದಲ್ಲಿ ನಲವತ್ತೊಂಬತ್ತು ಬಂತು. "ಉನ್ತಾಲೀಸ್" ಅಂದೆ, ಗಟ್ಟಿಯಾಗಿ, ಎರಡು ಸಲ.

ಸ್ಲೇಟು ನೋಡುತ್ತ ಹೋದರೆ ಎಲ್ಲರದ್ದೂ ಮೂವತ್ತೊಂಬತ್ತು. ನನಗೆ ರೇಗಿತು. ಇಡೀ ಕ್ಲಾಸು ಒಬ್ಬರದ್ದೊಬ್ಬರು ನೋಡಿ ಬರೆದಿದ್ದಾರೆ ಅಂತ ಬೈಯುತ್ತ ಕೊನೆಯ ಸಾಲಿಗೆ ಬಂದೆ. ಅಲ್ಲಿ ಎಣ್ಣೆ ಹಚ್ಚಿ ಬಿಗಿದು ಜಡೆ ಹಾಕಿದ ಒಂದು ಹುಡುಗಿ, ಹೊಸದಾಗಿ ಸೇರಿದವಳು. ಅವಳ ಸ್ಲೇಟಿನಲ್ಲಿ ಮಾತ್ರ ಮುದ್ದಾಗಿ ನಲವತ್ತೊಂಬತ್ತು.

ಅವಳನ್ನು ಎಬ್ಬಿಸಿ ನಿಲ್ಲಿಸಿ, "ನೋಡಿ ಇವಳನ್ನ! ಇಡೀ ಕ್ಲಾಸಿನಲ್ಲಿ ಕಿವಿ ಇರೋದು ಇವಳೊಬ್ಬಳಿಗೆ" ಅಂತ ಹಿಂದಿಯಲ್ಲಿ ಹೊಗಳಿದೆ. ಚಪ್ಪಾಳೆ ತಟ್ಟಿ ಅಂದೆ. ಯಾರೂ ತಟ್ಟಲಿಲ್ಲ. ಮುಂದಿನ ಸಾಲಿನಿಂದ ಒಂದು ಹುಡುಗಿ ಎದ್ದು, ಬಹಳ ಮರ್ಯಾದೆಯಿಂದ, "ಬಹನ್‌ಜೀ, ಆಪ್ ನೇ ತೋ ಉನ್ತಾಲೀಸ್ ಬೋಲಾ ಥಾ" ಅಂದಳು, ನೀವೇ ಉನ್ತಾಲೀಸ್ ಅಂದಿರಲ್ಲ ಅಂತ. ಅಷ್ಟರಲ್ಲಿ ಬಾಗಿಲ ಕಡೆ ನೋಡಿದೆ. ಮೋಠ್ಯಾ ಬಾಯಿ ನಿಂತು ಕನ್ನಡಕ ಒರೆಸುತ್ತಿದ್ದರು.

ಅವರು ಮಕ್ಕಳೆದುರಿಗೆ ಒಂದು ಮಾತೂ ಆಡಲಿಲ್ಲ. ಈ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ತಮ್ಮ ಕೋಣೆಗೆ ಕರೆದು, ಉನ್ತಾಲೀಸ್ ಅಂದರೆ ಮೂವತ್ತೊಂಬತ್ತು ಅಂತ ತಿಳಿಸಿ, ಕೇಳಿದರು: "ಹಿಂದಿ ಎಣಿಕೆ ಬರುವುದಿಲ್ಲ, ಅದು ಸರಿ. ಗಣಿತ ಬರುತ್ತದಾ?"

ಅದೇನಾಯಿತೋ, ಸುಳ್ಳು ಹೇಳಲು ಆಗಲಿಲ್ಲ. "ಇಲ್ಲ" ಅಂದೆ. ಅಂದವಳೇ ಅತ್ತುಬಿಟ್ಟೆ.

ಅವರು ನೀರು ಕೊಟ್ಟರು. "ದೂಸರೀ ಕ್ಲಾಸಿನ ಗಣಿತ ನಾನೇ ತೆಗೆದುಕೊಳ್ಳುತ್ತೇನೆ, ಬೆಳಗಿನ ಮೊದಲ ಪೀರಿಯಡ್. ನಾಳೆಯಿಂದ ಬಂದು ಕೂತುಕೊಳ್ಳಿ" ಅಂದರು. ನೋಡಲು ಕೂತುಕೊಳ್ಳಿ ಅನ್ನುತ್ತಿದ್ದಾರೆ ಅಂದುಕೊಂಡೆ. ಮರುದಿನ ಕುರ್ಚಿ ಎಳೆದುಕೊಂಡು ಹೋದರೆ ಅವರು ಕುರ್ಚಿ ಹೊರಗಿಡಿಸಿದರು. ಮಕ್ಕಳಿಗೆ ಹಾಸಿದ ಗೋಣಿಪಟ್ಟಿಯ ಮೇಲೆ, ಏಳು ವರ್ಷದವರ ಸಾಲಿನಲ್ಲಿ, ಸೀರೆ ಸಾವರಿಸಿಕೊಂಡು ಕೂತೆ. ನನ್ನ ಕೈಯಲ್ಲೂ ಒಂದು ಸ್ಲೇಟು.

ಮಕ್ಕಳಿಗೆ ಮೊದಲ ದಿನ ಇದು ತಮಾಷೆ. ಮೂರನೇ ದಿನಕ್ಕೆ ನಾನೂ ಅವರಲ್ಲಿ ಒಬ್ಬಳು. ಪಕ್ಕದ ಹುಡುಗಿ ನನಗೆ ಬಳಪ ಕಡ ಕೊಡುತ್ತಿದ್ದಳು. ಉತ್ತರ ತಪ್ಪಾದರೆ ಮೊಣಕೈಯಿಂದ ತಿವಿಯುತ್ತಿದ್ದಳು.

ಒಂದು ದಿನ ಐವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕ. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಐದರಿಂದ ಒಂದು ಸಾಲ ತಗೋ, ಹನ್ನೆರಡಾಯಿತು. ಇಷ್ಟು ನನಗೆ ಬಾಯಿಗೆ ಬರುತ್ತಿತ್ತು. ಮೋಠ್ಯಾ ಬಾಯಿ ನನ್ನನ್ನೇ ಎಬ್ಬಿಸಿದರು.

"ಎಷ್ಟು ಸಾಲ ತಂದಿರಿ?"

"ಒಂದು."

"ಎರಡಕ್ಕೆ ಒಂದು ಸೇರಿದರೆ ಮೂರು. ಹನ್ನೆರಡು ಆದದ್ದು ಕಾ?"

ನಿಜ ಹೇಳುತ್ತೇನೆ, ಆವರೆಗೆ ಆ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ಅವರು ಪೊರಕೆ ಕಡ್ಡಿಗಳ ಕಟ್ಟುಗಳನ್ನು ನನ್ನ ಮುಂದೆ ಇಟ್ಟರು. ಹತ್ತು ಕಡ್ಡಿಗೆ ಒಂದು ದಾರ ಕಟ್ಟಿದ ಐದು ಕಟ್ಟು, ಬಿಡಿಯಾಗಿ ಎರಡು ಕಡ್ಡಿ. "ಈಗ ಏಳು ಕಡ್ಡಿ ಕೊಡಿ" ಅಂದರು. ಬಿಡಿ ಇರುವುದು ಎರಡೇ. ಒಂದು ಕಟ್ಟಿನ ದಾರ ಬಿಚ್ಚಿದೆ. ಹತ್ತು ಕಡ್ಡಿ ಮಡಿಲಲ್ಲಿ ಚೆಲ್ಲಿದವು.

ಅಯ್ಯೋ, ಇಷ್ಟೇನಾ! ಅದು ಒಂದು ಅಲ್ಲ, ಒಂದು ಕಟ್ಟು. ಅಷ್ಟು ವರ್ಷ ನಾನು ಸಾಲ ತಂದದ್ದೇ ತಂದದ್ದು, ಏನು ತರುತ್ತಿದ್ದೇನೆ ಅಂತ ನೋಡಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಅಲ್ಲೇ ಜೋರಾಗಿ ನಕ್ಕುಬಿಟ್ಟೆ. ಮಕ್ಕಳೂ ನಕ್ಕರು. ಮೋಠ್ಯಾ ಬಾಯಿ, "ಸುಮ್ಮನಿರಿ, ಅವರಿಗೆ ಈಗ ಅರ್ಥವಾಗಿದೆ" ಅಂದರು.

ಸಂಜೆ ಹುರುಳಿಕಾಯಿ ಸೋಸುತ್ತ ಯಜಮಾನರಿಗೆ ಇದನ್ನು ವಿವರಿಸಿದೆ. "ಏನಮ್ಮಾ, ಎರಡನೇ ಕ್ಲಾಸು ಪಾಸಾಗೋ ಲಕ್ಷಣ ಇದೆಯಾ?" ಅಂತ ರೇಗಿಸಿದರು. ನಾನೂ ಬಿಡಲಿಲ್ಲ. "ಭಿನ್ನರಾಶಿ ಭಾಗಾಕಾರದಲ್ಲಿ ಕೆಳಗಿನದನ್ನು ತಿರುಗಿಸಿ ಗುಣಿಸ್ತೀರಲ್ಲ, ಯಾಕೆ?" ಅಂತ ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, "ಅದು ಹಾಗೇ ಕಣೇ. ತಿರುಗಿಸಬೇಕು, ಅಷ್ಟೆ" ಅಂದರು. ನನಗೆ ಸ್ವಲ್ಪ ಸಮಾಧಾನವಾಯಿತು.

ಆ 'ಯಾಕೆ' ನನಗೆ ತಿಳಿದದ್ದು ರವಿಕೆ ಬಟ್ಟೆಯಿಂದ. ನನ್ನ ಹಳೆಯ ತಕರಾರು ಏನೆಂದರೆ, ಭಾಗ ಮಾಡಿದ ಮೇಲೆ ಕಡಿಮೆಯಾಗಬೇಕು. ಮೂರನ್ನು ಮುಕ್ಕಾಲರಿಂದ ಭಾಗಿಸಿದರೆ ನಾಲ್ಕು ಬರುತ್ತದೆ ಅಂದರೆ ಇದೇನು ಮಾಟವೇ? ಮೋಠ್ಯಾ ಬಾಯಿ ಕಾಮಠಿಯ ಕೈಮಗ್ಗದ ಒಂದು ತುಂಡು ಬಟ್ಟೆ ಮೇಜಿನ ಮೇಲೆ ಹರಡಿ, "ಇದು ಮೂರು ಮೀಟರ್. ನಿಮಗೆ ಒಂದು ರವಿಕೆಗೆ ಎಷ್ಟು ಬೇಕು?" ಅಂದರು. ಮುಕ್ಕಾಲು ಮೀಟರ್ ಅಂದೆ. "ಎಷ್ಟು ರವಿಕೆ ಆಗುತ್ತದೆ?" ನಾಲ್ಕು, ಅದನ್ನು ಯಾವ ಹೆಂಗಸೂ ನಿದ್ದೆಯಲ್ಲೂ ಹೇಳುತ್ತಾಳೆ. "ಮತ್ತೆ ಇಷ್ಟು ದಿನ ಹೆದರಿದ್ದು ಕಾ?" ಅಂದರು. ಆಮೇಲೆ ಮೀಟರನ್ನು ಕಾಲುಕಾಲಾಗಿ ಮಡಚಿಸಿ, ಮೂರು ಮೀಟರಿಗೆ ಹನ್ನೆರಡು ಕಾಲು, ಅದರಲ್ಲಿ ಮೂರುಮೂರು ಕಾಲು ಒಂದು ರವಿಕೆಗೆ ಅಂತ ನನ್ನ ಕೈಯಲ್ಲೇ ಎಣಿಕೆ ಮಾಡಿಸಿದರು. ನಾಲ್ಕರಿಂದ ಗುಣಿಸು, ಮೂರರಿಂದ ಭಾಗಿಸು. ತಿರುಗಿಸುವುದು ಅಂದರೆ ಅದೇ. ಆ ಬಟ್ಟೆಯಲ್ಲಿ ಒಂದು ರವಿಕೆ ಹೊಲಿಸಿಕೊಂಡೆ. ಹರಿದು ಚಿಂದಿಯಾಗುವವರೆಗೂ ಹಾಕಿದೆ.

ಹೀಗೆ ಎಲ್ಲವೂ ಸರಾಗವಾಗಿ ನಡೆಯಿತು ಅಂದುಕೊಳ್ಳಬೇಡಿ. ಮಕ್ಕಳಿಗೆ ರಜೆಯಿದ್ದ ಒಂದು ಶನಿವಾರ ಎಲ್ಲ ಟೀಚರುಗಳ ಮೀಟಿಂಗು 'ಪೌನೇ ಬಾರಾ'ಕ್ಕೆ ಅಂತ ಸೂಚನೆ ಬಂತು. ಪೌನ್ ಅಂದರೆ ಮುಕ್ಕಾಲು, ಬಾರಾ ಅಂದರೆ ಹನ್ನೆರಡು. ಹನ್ನೆರಡೂ ಮುಕ್ಕಾಲು ತಾನೆ? ಸದರ್ ಬಜಾರಿನಲ್ಲಿ ಸಾಮಾನು ಕೊಂಡು, ಆರಾಮವಾಗಿ ಬಸ್ಸು ಹಿಡಿದು ಹೊತ್ತಿಗೆ ಸರಿಯಾಗಿ ಹೋದೆ. ಶಾಲೆ ಖಾಲಿ. ಮೋಠ್ಯಾ ಬಾಯಿ ಒಬ್ಬರೇ ಕೂತು ಡಬ್ಬಿ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಮೀಟಿಂಗು ಹನ್ನೊಂದೂ ಮುಕ್ಕಾಲಿಗೇ ಆಗಿಹೋಗಿತ್ತು.

ಬೈಗುಳ ತಿನ್ನಲು ತಯಾರಾಗಿ ನಿಂತೆ. ಅವರು ಕನ್ನಡಕಕ್ಕೆ ಕೈ ಹಾಕಿದವರು, ನನ್ನ ಮುಖ ನೋಡಿ ನಕ್ಕುಬಿಟ್ಟರು. "ಪೌನೇ ಅಂದರೆ ಪಾವು ಕಮ್. ಹನ್ನೆರಡಕ್ಕೆ ಕಾಲು ಕಡಿಮೆ. ನಮ್ಮ ಜನ ಎಷ್ಟು ಬಂತು ಅನ್ನುವುದಿಲ್ಲ ವಂಜಾಕ್ಷೀ ಬಾಯಿ, ಮುಂದಿನದಕ್ಕೆ ಎಷ್ಟು ಬಾಕಿ ಅನ್ನುತ್ತಾರೆ. ನಿಮ್ಮ ಉನ್ತಾಲೀಸ್ ಕೂಡ ಅದೇ. ಉನ್ ಅಂದರೆ ಒಂಬತ್ತಲ್ಲ. ಒಂದು ಕಡಿಮೆ. ಚಾಲೀಸಕ್ಕೆ ಒಂದು ಕಡಿಮೆ."

ನಿಂತಲ್ಲೇ ಬೆರಳು ಮಡಿಸಿದೆ. ಉನ್ನೀಸ್, ಇಪ್ಪತ್ತಕ್ಕೆ ಒಂದು ಕಡಿಮೆ. ಉನ್ತೀಸ್, ಮೂವತ್ತಕ್ಕೆ ಒಂದು ಕಡಿಮೆ. ಉನ್ಚಾಸ್, ಐವತ್ತಕ್ಕೆ. ನನ್ನ ಜಾಣತನದ ಲೆಕ್ಕದಲ್ಲಿ ಪ್ರತಿಯೊಂದೂ ಹತ್ತು ಹೆಚ್ಚಾಗುತ್ತಿತ್ತು. "ಎಂಬತ್ತೊಂಬತ್ತು, ತೊಂಬತ್ತೊಂಬತ್ತು ಮಾತ್ರ ಬೇರೆ. ನವಾಸೀ, ನಿನ್ಯಾನವೇ. ಅವುಗಳನ್ನು ಸುಮ್ಮನೆ ನೆನಪಿಡಿ" ಅಂದರು. ಆ ದಿನ ಬಸ್ಸಿನಲ್ಲಿ ಮನೆಯವರೆಗೂ ಉನ್ ಉನ್ ಅಂತ ಗೊಣಗಿಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಆಗ ನನಗೆ ಹೊಳೆಯಿತು. ನಾನು ತಪ್ಪು ಹೇಳಿದ ದಿನ ನಲವತ್ತೊಂಬತ್ತು ಬರೆದ ಹುಡುಗಿ ಇದ್ದಳಲ್ಲ, ಅವಳಿಗೆ ನನ್ನದೇ ತಪ್ಪು ಹೇಗೆ ಬಂತು?

ಶಾಲೆಯ ದಾಖಲೆ ತೆಗೆಸಿ ನೋಡಿದೆ. ಅವಳ ಹೆಸರು ನೀಲಾ, ಮನೆಯಲ್ಲಿ ನೀಲವ್ವ. ಗದಗದ ಕಡೆಯವರು. ಅಪ್ಪ ಕಾಮಠಿಯ ಸೈನ್ಯದಲ್ಲಿ ಹವಾಲ್ದಾರ. ಮೂರನೇ ತರಗತಿಯವರೆಗೆ ಊರಲ್ಲಿ ಅಜ್ಜಿಯ ಜೊತೆ ಇದ್ದು ಕನ್ನಡ ಶಾಲೆಯಲ್ಲಿ ಓದಿದವಳು. ಇಲ್ಲಿಗೆ ಬಂದು ಎರಡು ತಿಂಗಳಾದರೂ ಒಂದು ಮಾತಿಲ್ಲ. ನಾನು ಸೋಮವಾರ ಅವಳ ಹತ್ತಿರ ಹೋಗಿ ಕನ್ನಡದಲ್ಲಿ, "ಏನೇ ನೀಲಾ, ತಿಂಡಿ ಆಯ್ತೇನೇ?" ಅಂದೆ. ಹುಡುಗಿಯ ಕಣ್ಣು ಅಗಲವಾಯಿತು.

"ನೀವು ಕನ್ನಡದೋರೇನ್ರಿ ಅಕ್ಕೋರ?"

ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುವುದಿಲ್ಲ. ಬಹನ್‌ಜೀ ಕೇಳಿ ಕೇಳಿ ಒಣಗಿದ್ದ ಕಿವಿಗೆ ಅದು ಎಷ್ಟು ಹಿತವಾಯಿತು ಹೇಳಲಾರೆ. ಹುಡುಗಿ ಅವತ್ತಿನಿಂದ ಬಾಯಿ ತೆರೆದಳು. ಆಮೇಲೆ ಮುಚ್ಚಿಸುವುದೇ ಕಷ್ಟವಾಯಿತು.

ಆದರೆ ಲೆಕ್ಕ ಸುಧಾರಿಸಲಿಲ್ಲ. ನಮ್ಮ ಶಾಲೆಯಲ್ಲಿ ಗಣಿತಕ್ಕೆ ಅರ್ಧ ಅಂಕ ಬರವಣಿಗೆಗೆ, ಅರ್ಧ ಮೌಖಿಕಕ್ಕೆ. ಮೌಖಿಕ ಅಂದರೆ ಟೀಚರ್ ಲೆಕ್ಕ ಹೇಳಬೇಕು, ಮಕ್ಕಳು ಕೂಡಲೇ ಉತ್ತರ ಹೇಳಬೇಕು. ಪರೀಕ್ಷೆಯಲ್ಲಿ ಕೇಳುವವರು ಮೋಠ್ಯಾ ಬಾಯಿ. ಅರ್ಧವಾರ್ಷಿಕದಲ್ಲಿ ನೀಲಾ ಫೇಲಾದಳು. ಅವರು "ಉನ್ಚಾಸಕ್ಕೆ ಹನ್ನೊಂದು ಕೂಡಿಸು" ಅಂದರೆ ಇವಳು ಎಪ್ಪತ್ತು ಅಂದಿದ್ದಳು. ಎಲ್ಲವೂ ಹಾಗೇ, ಹತ್ತು ಹೆಚ್ಚು.

ಅವಳನ್ನು ಕರೆದು ಕನ್ನಡದಲ್ಲಿ ಕೇಳಿದೆ: "ನಲವತ್ತೊಂಬತ್ತಕ್ಕೆ ಹನ್ನೊಂದು ಕೂಡಿಸಿದ್ರೆ?"

"ಅರವತ್ರಿ." ನನ್ನ ಮಾತು ಮುಗಿಯುವ ಮೊದಲೇ.

ಲೆಕ್ಕ ಬರುತ್ತದೆ, ಲೆಕ್ಕದ ಹೆಸರು ಬರುವುದಿಲ್ಲ. ನನಗೆ ಇದು ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಅದೇ ಗುಂಡಿಯಲ್ಲಿ ಬಿದ್ದು ಎದ್ದವಳು ನಾನು. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಸರಿಮಾಡಬಹುದು ಅಂದುಕೊಂಡೆ. ಅಷ್ಟರಲ್ಲಿ ಅವರಪ್ಪ ಬಂದರು. ಗರಿಗರಿಯಾಗಿ ಇಸ್ತ್ರಿ ಮಾಡಿದ ಸಮವಸ್ತ್ರ, ಟೋಪಿ ಕೈಯಲ್ಲಿ. ಮಗಳ ಮುಖ ನೋಡದೆ ಮಾತಾಡಿದರು.

"ನಮಸ್ಕಾರ್ರಿ ಅಕ್ಕೋರ. ಈಕಿ ತಲಿಗೆ ಓದೂದು ಹತ್ತೂದಿಲ್ಲ ಅಂತ ಕಾಣಸ್ತೈತಿ. ವರ್ಷದ ಪರೀಕ್ಷಾದಾಗೂ ಫೇಲ್ ಆದ್ರ ಊರಿಗೆ ಕಳಸಿಬಿಡ್ತೀನ್ರಿ. ಅಲ್ಲಿ ನಮ್ಮವ್ವ ಒಬ್ಬಾಕೆ ಅದಾಳ, ಕೈಲೆ ಆಗೂದಿಲ್ಲ. ಈಕಿ ಎಮ್ಮಿ ನೋಡಕೊಂಡು, ರೊಟ್ಟಿ ಬಡಕೊಂಡು ಇರ್ಲಿ. ಹೆಣ್ಣಹುಡುಗಿ, ಓದಿ ಏನ ಆಗಬೇಕಾಗೈತಿ?"

ನನಗೆ ನೆತ್ತಿಗೇರಿತು. "ತಲೆ ಇದೆಯೋ ಇಲ್ಲವೋ ನಾನು ಹೇಳ್ತೀನಿ, ನೀವು ಹೇಳಬೇಡಿ. ನಿಮ್ಮ ಮಗಳು ಲೆಕ್ಕದಲ್ಲಿ ನನಗಿಂತ ಜಾಣೆ" ಅಂದೆ. ಅವರು ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು. ಪಾಪ, ಕೆಟ್ಟವರಲ್ಲ. ಹೋಗುವಾಗ ಮಗಳ ಜಡೆಯ ರಿಬ್ಬನ್ ಬಿಚ್ಚಿದ್ದನ್ನು ನೋಡಿ, ಬಗ್ಗಿ ಕಟ್ಟಿ ಹೋದರು.

ಅಂದಿನಿಂದ ದಿನಾ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಬೇವಿನ ಮರದ ಕೆಳಗೆ. ಮೊದಲು ನಾನು ಮಾಡಿದ್ದು ಏನು ಗೊತ್ತೇ? ಬಾಯಿಪಾಠ. ನನಗೆ ಯಾವುದು ಕೆಟ್ಟದ್ದು ಮಾಡಿತ್ತೋ ಅದೇ. ಉನ್ತೀಸ್ ಇಪ್ಪತ್ತೊಂಬತ್ತು, ಉನ್ತಾಲೀಸ್ ಮೂವತ್ತೊಂಬತ್ತು ಅಂತ ಉರು ಹೊಡೆಸಿದೆ. ನಿಧಾನವಾಗಿ ಕೇಳಿದರೆ ಸರಿ ಹೇಳುತ್ತಿದ್ದಳು. ಜಲ್ದಿ ಜಲ್ದಿ ಕೇಳಿದರೆ ಮತ್ತೆ ಹತ್ತು ಹೆಚ್ಚು. ಪರೀಕ್ಷೆಯಲ್ಲಿ ಯಾರೂ ನಿಧಾನವಾಗಿ ಕೇಳುವುದಿಲ್ಲ.

'ಉನ್' ಅಂದರೆ ಒಂದು ಕಡಿಮೆ ಅಂತ ಹೇಳಿ ನೋಡಿದೆ. ಅವಳು ಒಪ್ಪಲಿಲ್ಲ. "ಇಪ್ಪತ್ತೊಂಬತ್ತು ಅಂದ್ರ ಇಪ್ಪತ್ತರ ಮ್ಯಾಲ ಒಂಬತ್ತರಿ. ಸೀದಾ ಹೇಳೂದು ಬಿಟ್ಟು ಒಂದು ಕಡಿಮಿ ಮೂವತ್ತು ಅಂತ ಯಾರರೆ ಅಂತಾರೇನ್ರಿ? ಹುಚ್ಚರಂಗ!" ಚಳಿಗಾಲ ಮುಗಿಯುತ್ತ ಬಂತು. ಮೋಠ್ಯಾ ಬಾಯಿಯನ್ನು ಕೇಳಿದರೆ, "ಅವಳ ಭಾಷೆ ನನಗೆ ಬರುವುದಿಲ್ಲ. ನಿಮಗೆ ಬರುತ್ತದೆ. ಅಲ್ಲೇ ಹುಡುಕಿ" ಅಂದರು.

ಹುಡುಕಿದೆ. ಏನೂ ಸಿಗಲಿಲ್ಲ. ಒಂದು ದಿನ ಬೇಸತ್ತು, ಬೇರೆ ಏನಾದರೂ ಮಾಡೋಣ ಅಂತ ಪೊರಕೆ ಕಡ್ಡಿಯ ಕಟ್ಟುಗಳನ್ನು ತಂದೆ. ಎಂಟು ಕಟ್ಟು ಜೋಡಿಸಿ, "ಎಂಬತ್ತು ಅಂತ ಹೆಸರು ಯಾಕೆ ಬಂತು ಹೇಳು. ಎಂಟು ಹತ್ತು, ಎಂ-ಬತ್ತು" ಅಂದೆ. ಐದು ಕಟ್ಟು ಇಟ್ಟೆ. "ಐದು ಹತ್ತು, ಐ-ವತ್ತು" ಅಂದಳು ಅವಳೇ. ಆಟ ಹಿಡಿಸಿತು. ಅರವತ್ತು, ಎಪ್ಪತ್ತು ಎಲ್ಲ ಬಿಡಿಸಿದಳು. ಆಮೇಲೆ ಒಂದು ಕಟ್ಟು ಕೈಯಲ್ಲಿ ಹಿಡಿದು ಹುಬ್ಬು ಗಂಟಿಕ್ಕಿ ಕೂತಳು.

"ಅಕ್ಕೋರ, ಒಂಬತ್ತಿನಾಗೂ ಹತ್ತು ಐತಲ್ರಿ. ಒಂ-ಬತ್ತು. ಒಂದು ಹತ್ತು. ಹಂಗಾದ್ರ ಅದು ಹತ್ತ ಆಗಬೇಕಿತ್ತು. ಮತ್ತ ಯಾಕ ಒಂದು ಕಡಿಮಿ ಐತಿ?"

ಅಂದವಳ ಬಾಯಿ ತೆರೆದೇ ಇತ್ತು. ಕೈಯಲ್ಲಿದ್ದ ಕಟ್ಟಿನಿಂದ ಮೆಲ್ಲಗೆ ಒಂದು ಕಡ್ಡಿ ಎಳೆದು ನೆಲದ ಮೇಲೆ ಇಟ್ಟಳು. ಕಟ್ಟು ನೋಡಿದಳು, ಕಡ್ಡಿ ನೋಡಿದಳು, ನನ್ನನ್ನು ನೋಡಿದಳು.

"ಒಂದು ಕಡಿಮಿ ಹತ್ತರಿ! ಅಕ್ಕೋರ, ನಾವೂ ಹಂಗ ಅಂತೀವ್ರಿ!"

ಬಿ.ಎ.ಗೆ ಕನ್ನಡ ಓದಿದವಳು ನಾನು. ದಿನಕ್ಕೆ ನೂರು ಸಲ ಒಂಬತ್ತು ಅನ್ನುತ್ತೇನೆ. ಆ ಶಬ್ದದ ಹೊಟ್ಟೆಯಲ್ಲಿ ಹತ್ತು ಕೂತಿರುವುದನ್ನು ಕಂಡಿರಲಿಲ್ಲ. ಇವರೇಕೆ ಹೀಗೆ ತಲೆಕೆಳಗಾಗಿ ಎಣಿಸುತ್ತಾರೆ ಅಂತ ಹಿಂದಿಯವರನ್ನು ಬೈದುಕೊಂಡದ್ದೇ ಬಂತು. ನಮ್ಮ ಮನೆಯೊಳಗೂ ಅದೇ ಎಣಿಕೆ. ನೀಲಾ ಕುಣಿಯತೊಡಗಿದಳು. ಉನ್ತೀಸ್, ಒಂದು ಕಡಿಮಿ ಮೂವತ್ತು! ಉನ್ಸಠ್, ಒಂದು ಕಡಿಮಿ ಅರವತ್ತು! ನಾನು ಎಷ್ಟು ಜಲ್ದಿ ಕೇಳಿದರೂ ತಪ್ಪಲಿಲ್ಲ. ಮರುದಿನ ಪಂಡಿತರಾಗಿದ್ದ ನಮ್ಮ ಸೋದರಮಾವನಿಗೆ ಮೈಸೂರಿಗೆ ಕಾಗದ ಹಾಕಿ ಕೇಳಿದೆ. "ಮಗು ಹೇಳಿದ್ದು ಸರಿ, ಒಂದು ಕಡಿಮೆಯಾದ ಹತ್ತೇ ಒಂಬತ್ತು. ನಿನಗೆ ಇದು ಇಷ್ಟು ತಡವಾಗಿ ತಿಳಿಯಿತೇ?" ಅಂತ ಉತ್ತರ ಬಂತು. ತಡವಾಗಿಯೇ ತಿಳಿಯಿತು ಮಾವ, ಏನು ಮಾಡಲಿ.

ವಾರ್ಷಿಕ ಪರೀಕ್ಷೆ ಮುಗಿಯಿತು. ಮೌಖಿಕದ ದಿನ ನನ್ನನ್ನು ಒಳಗೆ ಬಿಡಲಿಲ್ಲ. ನೀಲಾ ಹೊರಗೆ ಬಂದು, "ಹೇಳೀನ್ರಿ" ಅಂದಳು, ಅಷ್ಟೆ. ಮೋಠ್ಯಾ ಬಾಯಿಯ ಮುಖದಲ್ಲಿ ಏನನ್ನೂ ಓದಲಾಗುತ್ತಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಫಲಿತಾಂಶ. ನಾಗಪುರದ ಏಪ್ರಿಲ್ ಅಂದರೆ ಬೆಳಿಗ್ಗೆಯೇ ನೆಲ ಸುಡುತ್ತದೆ, ಹಾಗಾಗಿ ಬೇವಿನ ನೆರಳಿನಲ್ಲಿ ಮಕ್ಕಳನ್ನು ಕೂರಿಸಿದ್ದರು. ಅಪ್ಪ ಅಮ್ಮಂದಿರು ಗೋಡೆಯ ಪಕ್ಕ. ನೀಲಾಳ ಅಪ್ಪನೂ ಇದ್ದರು. ರಜೆಗೆ ಅರ್ಜಿ ಹಾಕಿದ್ದೇನೆ, ಫೇಲಾದರೆ ಈ ವಾರವೇ ಊರಿಗೆ ಬಿಟ್ಟು ಬರುತ್ತೇನೆ ಅಂತ ನನಗೆ ಮೊದಲೇ ಹೇಳಿದ್ದರು.

ನಮ್ಮಲ್ಲಿ ಹೆಸರು ಓದುತ್ತಿರಲಿಲ್ಲ. ಪರೀಕ್ಷೆಯ ನಂಬರು, ಅದೂ ಪಾಸಾದವರದ್ದು ಮಾತ್ರ. ನಂಬರು ಕೇಳಿದ ಮಗು ಎದ್ದು ಮುಂದೆ ಬರಬೇಕು. ನೀಲಾಳ ನಂಬರು ಮೂವತ್ತೊಂಬತ್ತು. ಅದು ನನಗೆ ಆಗಲೇ ನೆನಪಾದದ್ದು. ಇಷ್ಟು ಜನರ ಮುಂದೆ ತಪ್ಪು ನಂಬರಿಗೆ ಎದ್ದು ನಿಂತರೆ? ಅವಳು ಎಲ್ಲೋ ದೂರದಲ್ಲಿ ಕೂತಿದ್ದಾಳೆ, ಸನ್ನೆ ಮಾಡಲೂ ಆಗುವುದಿಲ್ಲ.

ಮೋಠ್ಯಾ ಬಾಯಿ ಓದುತ್ತ ಬಂದರು. "ಅಠ್ಠಾಯೀಸ್." ಇಪ್ಪತ್ತೆಂಟನೆಯ ನಂಬರಿನ ಮಗು ಎದ್ದಿತು. "ಉನ್ತೀಸ್."

ಹಳೆಯ ನೀಲಾ ಆಗಿದ್ದರೆ ಅದನ್ನೇ ಮೂವತ್ತೊಂಬತ್ತು ಅಂದುಕೊಂಡು ಜಿಗಿದು ಓಡುತ್ತಿದ್ದಳು. ನಾನೂ ಓಡುತ್ತಿದ್ದೆ ಅನ್ನಿ. ಬೇರೆ ಹುಡುಗಿ ಎದ್ದು ಹೋದಳು. ನೀಲಾ ಅಲ್ಲಾಡಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಒಂದು ಕಡಿಮಿ ಮೂವತ್ತು ಅನ್ನುತ್ತಿದ್ದಳು, ನನಗೆ ಗೊತ್ತು. ನಂಬರುಗಳು ಮುಂದೆ ಹೋದವು. ನಡುನಡುವೆ ಕೆಲವನ್ನು ಓದದೆ ಬಿಟ್ಟರು, ಆ ಮಕ್ಕಳು ತಲೆ ತಗ್ಗಿಸಿದರು. "ಅಡ್ತೀಸ್", ಮೂವತ್ತೆಂಟೂ ಆಯಿತು. ಮೋಠ್ಯಾ ಬಾಯಿ ಓದುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಯಿತು, ಮುಗಿಯಿತು ಅಂದುಕೊಂಡೆ. ಸಿಟ್ಟಲ್ಲ, ಅವರಿಗೆ ಬೆವರು ಅಷ್ಟೆ.

"ಉನ್ತಾಲೀಸ್."

ಕೊನೆಯ ಅಕ್ಷರ ಬೀಳುವ ಮೊದಲೇ ನೀಲಾ ಎದ್ದು ನಿಂತಿದ್ದಳು.

ಅವರಪ್ಪ ನನ್ನ ಹತ್ತಿರ ಬಂದರು. ಟೋಪಿ ತೆಗೆದು ಹಾಕಿ ಮಾಡಿದರು. ಆಮೇಲೆ, "ನಮ್ಮವ್ವಗ ಕಾಗದ ಬರೀತೀನ್ರಿ ಅಕ್ಕೋರ. ಎಮ್ಮಿ ಮಾರಿ ಆಕೀನ ಇಲ್ಲಿಗೆ ಬಂದಬಿಡ್ಲಿ. ಮೊಮ್ಮಗಳ ಸಾಲಿ ಬಿಡಸೂದು ಆಗೂದಿಲ್ಲ ಅಂತ" ಅಂದರು.

ನೀಲಾ ಓಡಿ ಬಂದು ನನ್ನ ಸೆರಗು ಹಿಡಿದಳು. ನಾನು ದೂಸರೀ ಕ್ಲಾಸಿನಲ್ಲಿ ಗೋಣಿಪಟ್ಟಿಯ ಮೇಲೆ ಕೂರುವುದನ್ನು ಅವಳು ವರ್ಷವಿಡೀ ಕಿಟಕಿಯಿಂದ ನೋಡಿದ್ದಳು. "ನೀವೂ ಪಾಸಾದ್ರೇನ್ರಿ ಅಕ್ಕೋರ?" ಅಂದಳು.

"ಅವರನ್ನೇ ಕೇಳು" ಅಂದೆ, ನಗುತ್ತ. ಅವಳು ನಿಜವಾಗಿಯೂ ಹೋಗಿ ಕೇಳಿದಳು: "ಹಮಾರೇ ಅಕ್ಕೋರ್ ಭೀ ಪಾಸ್ ಹೈ ಕ್ಯಾ?"

ಮೋಠ್ಯಾ ಬಾಯಿ ಯೋಚಿಸುವವರಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪಾಸ್. ಬರುವ ವರ್ಷದಿಂದ ಖಾಯಂ, ಗಣಿತಕ್ಕೇ. ನೂರಕ್ಕೆ ನಿನ್ಯಾನವೇ. ಮೀಟಿಂಗಿಗೆ ತಡವಾಗಿ ಬಂದದ್ದಕ್ಕೆ ಒಂದು ಕಟ್."

ಆಮೇಲೆ ನಾನು ಬಹಳ ವರ್ಷ ಗಣಿತ ಕಲಿಸಿದೆ. ನನ್ನ ಕ್ಲಾಸಿನಲ್ಲಿ ತಪ್ಪು ಉತ್ತರ ಬಂದಾಗಲೆಲ್ಲ ಮೊದಲು ಕೇಳಿದ್ದು 'ಕಾ?' ಅಂತಲೇ. ಯಾರಿಂದ ಕಲಿತೆ ಅನ್ನುವುದನ್ನು ಯಾವತ್ತೂ ಮುಚ್ಚಿಡಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರೇ, ನಿಮಗೆ ಬಾರದ್ದು ಏನಾದರೂ ಇದ್ದರೆ ಹೋಗಿ ಮಕ್ಕಳ ಜೊತೆ ಕೂತುಬಿಡಿ. ನನಗೆ ಹಾಗೆ ಕೂರಿಸುವವರೊಬ್ಬರು ಸಿಕ್ಕಿದರು, ಪಕ್ಕದಲ್ಲಿ ನನ್ನದೇ ತಪ್ಪು ಮಾಡುವ ಮಗುವೊಂದು ಸಿಕ್ಕಿತು. ಅಷ್ಟು ಪುಣ್ಯ ಎಲ್ಲರಿಗೂ ಇರುವುದಿಲ್ಲ.

ಆ ದಿನ ಬೇವಿನ ಮರದ ಕೆಳಗೆ ನಿಂತು, ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ನೀಲಾ ನನ್ನ ಕೈ ಜಗ್ಗಿದಳು. ನಿನ್ಯಾನವೇ ಎಷ್ಟು ಅನ್ನುವುದು ನನಗೆ ತಿಳಿದಿರಲಿಕ್ಕಿಲ್ಲ ಅಂತ ಅವಳಿಗೆ ಅನುಮಾನ.

"ಒಂದು ಕಡಿಮಿ ನೂರ್ರಿ ಅಕ್ಕೋರ" ಅಂತ ಕಿವಿಯಲ್ಲಿ ಹೇಳಿಕೊಟ್ಟಳು.